ಬಲಗಡೆಯವನ ಚಾಡಿ

ಜೊತೆಯಲ್ಲೇ ಇದ್ದರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ದಾರಿಯುದ್ದಕ್ಕೂ ಕುಣಿಯುತ್ತಾರೆ, ಯಾರೂ ಚಪ್ಪಾಳೆ ತಟ್ಟಲ್ಲ. ಯಾರು ಹೇಳಿ? ಕಣ್ಣು ಅಂದಿರಾ? ಸೊನ್ನೆ ಮಾರ್ಕು. ಪುಟ್ಟಲಿಂಗಣ್ಣನ ಹಳೇ ಕಾರಿನ ಮುಂದಿನ ಎರಡು ಶಾಕ್ ಅಬ್ಸಾರ್ಬರುಗಳು.

ರಸ್ತೆ ಬದಿಯ ಗುಂಡಿಗಳೆಲ್ಲ ಎಡಗಡೆಯವನ ಪಾಲಿಗೇ ಬಂದು, ಅವನ ಮೈಯಿಂದ ಎಣ್ಣೆ ಸೋರತೊಡಗಿತ್ತು. ಆದರೂ ಅವನು ತುಟಿ ಬಿಚ್ಚದೆ ಭಾರ ಹೊರುತ್ತಿದ್ದ.

"ಅಣ್ಣಯ್ಯ, ಮೂಗು ಒರೆಸ್ಕೋ," ಅಂತ ಬಲಗಡೆಯವನು ನಕ್ಕ. "ನಿನ್ನಿಂದ ನನಗೂ ಕೆಟ್ಟ ಹೆಸರು. ಯಜಮಾನರಿಗೆ ಹೇಳಿ ನಿನ್ನ ತೆಗೆಸ್ತೀನಿ."

"ಬೇಡ ತಮ್ಮ, ಸುಮ್ನಿರು. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ತಮ್ಮ ಕೇಳಲಿಲ್ಲ. ಗುಂಡಿ ಸಿಕ್ಕಾಗಲೆಲ್ಲ ಯಜಮಾನರಿಗೆ ಕೇಳಿಸಲಿ ಅಂತ ಬೇಕಂತಲೇ ಕಟಕಟ ಅಂದ. ಭಾನುವಾರ ಪುಟ್ಟಲಿಂಗಣ್ಣ ಮನೆ ಮುಂದೆಯೇ ಜ್ಯಾಕ್ ಕೊಟ್ಟು ಕಾರು ಎತ್ತಿ, ಸೋರುತ್ತಿದ್ದವನನ್ನು ಬಿಚ್ಚಿದ. ತಮ್ಮ ಹಿಗ್ಗಿದ. ಆಮೇಲೆ ಪಾನಾ ಅವನ ಕಡೆಗೂ ಬಂತು.

"ರೀ, ಅದು ಚೆನ್ನಾಗೇ ಇದೆಯಲ್ಲ?" ಅಂದಳು ಹೆಂಡತಿ ಸಾಕಮ್ಮ.

"ಒಂದು ಹೊಸದು, ಒಂದು ಹಳೇದು ಹಾಕಿದ್ರೆ ಕಾರು ಒಂದು ಕಡೆಗೆ ಎಳೆಯುತ್ತೆ ಕಣೇ. ಬದಲಾಯಿಸಿದ್ರೆ ಜೋಡೀನೇ."

ಗುಜರಿಯ ಗೋಣಿಚೀಲದಲ್ಲಿ ತಮ್ಮ ಕೇಳಿದ: "ಅಣ್ಣಯ್ಯ, ನಿನಗಿದು ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಅದಕ್ಕೇ ತಡ್ಕೊಂಡಿದ್ದೆ. ಹೋಗ್ಲಿ ಬಿಡು, ಅಳಬೇಡ."

ಅಣ್ಣ ಹೀಗೆ ಉತ್ತರ ಕೊಟ್ಟ ಅನ್ನೋದು ಮಾತ್ರ ನಾನು ಕಟ್ಟಿದ್ದು. ಅಷ್ಟೊತ್ತಿಗೆ ಅವನ ಎಣ್ಣೆಯೆಲ್ಲ ಸೋರಿ ಜೀವವೇ ಹೋಗಿತ್ತು. ತಮ್ಮ ಮಾತ್ರ ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳ್ತಾನೇ ಇದ್ದ.