ಬೇಟೆ ಬಿಟ್ಟು ಬಂದ ಡೇಗೆ

ವಾಯುಪಡೆಯ ತರಬೇತಿ ಮೈದಾನದ ಬೇಲಿ ಪಕ್ಕದ ಒಣಮರದಲ್ಲಿ ಕೂತು ಮುದಿ ಡೇಗೆಯೊಂದು ಮರಿಗೆ ಬೇಟೆ ಕಲಿಸುತ್ತಿತ್ತು. ಆಗ ಹೊಸ ಪೈಲಟ್ ಒಬ್ಬ ವಿಮಾನ ಇಳಿಸಲು ಬಂದ. ಅಡ್ಡಗಾಳಿಗೆ ವಿಮಾನ ಓಲಾಡಿತು. ಚಕ್ರ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಅವನು ಇಳಿಸದೆ ಮತ್ತೆ ಮೇಲೇರಿದ.

"ಅಜ್ಜ, ಇವನಿಗೆ ಇಳಿಯಲೂ ಬರುವುದಿಲ್ಲ!" ಮರಿ ನಕ್ಕಿತು.

"ನಗಬೇಡವೋ. ಗುರುಗಳೆಲ್ಲ ನೋಡುತ್ತಿದ್ದಾರೆಂದು ಗೊತ್ತಿದ್ದೂ ಮೇಲೇರಿದನಲ್ಲ, ಅವನು ಬಹಳ ಕಾಲ ಹಾರುತ್ತಾನೆ," ಎಂದಿತು ಮುದಿ ಡೇಗೆ.

ಅಷ್ಟರಲ್ಲಿ ಪಾರಿವಾಳವೊಂದು ಹಾದುಹೋಯಿತು. ಮರಿ ರೆಕ್ಕೆ ಮಡಚಿ ಎರಗಿತು. ಪಾರಿವಾಳ ಬೇಲಿಯ ಮುಳ್ಳುತಂತಿಗಳತ್ತ ನುಗ್ಗಿತು. ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಪಾರಿವಾಳ ಮರಿಯ ಉಗುರಿಗೆ ಸಿಗುತ್ತಿತ್ತು, ಮರಿ ತಂತಿಗೆ ಸಿಗುತ್ತಿತ್ತು. ಮರಿ ಮೈ ತಿರುಗಿಸಿ ಮೇಲೆದ್ದಿತು. ಬೇಲಿಯ ಮೇಲಿನ ಕಾಗೆಗಳೆಲ್ಲ ಗೇಲಿ ಮಾಡಿದವು.

ಮರಿ ಬಂದು ಕೆಳಗಿನ ಕೊಂಬೆಯಲ್ಲಿ ತಲೆ ತಗ್ಗಿಸಿ ಕೂತಿತು.

"ಅಲ್ಲಲ್ಲ, ಇಲ್ಲಿ ಬಾ," ಎಂದು ಮುದಿ ಡೇಗೆ ತುದಿಕೊಂಬೆಯಲ್ಲಿ ಸರಿದು ತನ್ನ ಪಕ್ಕ ಜಾಗ ಮಾಡಿತು. "ಎರಗುವುದನ್ನು ಎಷ್ಟೋ ಮರಿಗಳಿಗೆ ಕಲಿಸಿದ್ದೇನೆ. ಆ ಬೇಲಿಯಿಂದ ಮರಳಿ ಬಂದವನು ನೀನೊಬ್ಬನೇ."