ವ್ಯಾನು ಕೊಳ್ಳಲು ಬಂದ ಬಸವನಹುಳು

ಮೀನಿಗೆ ದೋಣಿ ಮಾರಿದ ಗಂಡಸು ನಾನು. ಸುಳ್ಳು, ಮಾರಲಿಲ್ಲ, ಮೀನು ಬೆಲೆ ಕೇಳಿ ಹೊರಟೇಹೋಯಿತು. ಆದರೆ ಇದು ಮಾತ್ರ ನಿಜ.

ಹಾಸಿಗೆ, ಒಲೆ, ಕಿಟಕಿಗೆ ಪರದೆ ಎಲ್ಲವೂ ಒಳಗೇ ಇರುವ ಹಳೆಯ ಕ್ಯಾಂಪರ್ ವ್ಯಾನೊಂದು ಶೆಡ್ಡಿನಲ್ಲಿ ಮಾರಾಟಕ್ಕೆ ನಿಂತಿತ್ತು. ಊರೂರು ಸುತ್ತುವ ಮನೆ ಬೇಕೆಂದು ಬಸವನಹುಳು ಬಂತು.

“ನಲವತ್ತು ವರ್ಷವಾಯಿತು, ಮೈಮೇಲೆ ಒಂದು ಗೀರಿಲ್ಲ,” ಎಂದಿತು ವ್ಯಾನು. “ಬೆಲೆ ನಿನ್ನ ಚಿಪ್ಪು. ಕಳಚಿಟ್ಟು ಒಳಗೆ ಬಾ ತಮ್ಮಾ.”

ಚಿಪ್ಪು ಬಿಟ್ಟರೆ ಮತ್ತೆ ಸಿಗದು. ಆದರೂ ಬಸವನಹುಳು ಆಸೆಯಿಂದ ಮುಕ್ಕಾಲು ಮೈ ಹೊರಗೆಳೆದು ಕೇಳಿತು: “ಅಣ್ಣಾ, ಇಷ್ಟು ವರ್ಷದಲ್ಲಿ ಯಾವ ಊರು ಚೆನ್ನಾಗಿತ್ತು?”

“ಊರೇ? ವರ್ಷಕ್ಕೊಮ್ಮೆ ಆಯುಧಪೂಜೆಗೆ ನನ್ನನ್ನು ತೊಳೆದು, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಒಂದಡಿ ಮುಂದೆ ಹೋಗಿ ಜಜ್ಜುತ್ತೇನೆ, ಒಂದಡಿ ಹಿಂದೆ ಬರುತ್ತೇನೆ. ಮೇಲೆ ಹೊದಿಕೆ ಹಾಕುತ್ತಾರೆ.”

“ಆಮೇಲೆ?”

“ಮುಂದಿನ ವರ್ಷದ ನಿಂಬೆಹಣ್ಣು.”

ಬಸವನಹುಳು ಬೆಚ್ಚಿಬಿದ್ದು ಸರ್ರನೆ ಚಿಪ್ಪಿನೊಳಗೆ ನುಗ್ಗಿತು. ಜನ್ಮದಲ್ಲಿ ಅದು ಅಷ್ಟು ಬೇಗ ಎಲ್ಲಿಗೂ ಹೋಗಿರಲಿಲ್ಲ. ಒಳಗಿನಿಂದಲೇ ಕೂಗಿತು: “ಅಯ್ಯೋ ಅಣ್ಣಾ! ನಾನು ಈ ವಾರವೊಂದರಲ್ಲೇ ಕೆರೆಯಿಂದ ಇಲ್ಲಿಗೆ ಬಂದೆನಲ್ಲ!”

ಈಗ ದಂಗಾದದ್ದು ವ್ಯಾನು. “ಕೆರೆಯೇ? ಅದು ಹೇಗಿರುತ್ತದೆ?”

“ಬಾ, ತೋರಿಸುತ್ತೇನೆ.”

ವ್ಯಾನು ಬಹಳ ಹೊತ್ತು ಬಾಗಿಲಾಚೆ ನೋಡಿತು. “ಇವತ್ತು ಆಯುಧಪೂಜೆ ಅಲ್ಲವಲ್ಲ,” ಎಂದಿತು.

ಅದು ಇನ್ನೂ ಮಾರಾಟಕ್ಕಿದೆ. ನಂಬಿಕೆ ಬರಲಿಲ್ಲವೇ? ನನ್ನ ಪರ್ಸು ಅದರ ಸೀಟಿನ ಮೇಲೇ ಉಳಿದಿದೆ, ಹೋಗಿ ನೋಡಿ. ಹೋಗುವ ಮುಂಚೆ ನನ್ನ ಟೀ ದುಡ್ಡು ಮಾತ್ರ ಕೊಟ್ಟುಬಿಡಿ.