ಸೆರೆಮನೆ ಕಿಂಡಿಯ ಗಡಿಗೆ

ಮೂಗಿಗೆ ಬಟ್ಟೆ ಕಟ್ಟಿಕೊಂಡ ಡಂಗುರದವನು ಬೀದಿಬೀದಿ ಸಾರಿದ: "ಕೇಳ್ರಪ್ಪೋ ಕೇಳ್ರಿ! ತೀರಿಹೋದ ಹಿರಿಯ ನ್ಯಾಯಾಧಿಕಾರಿಗಳು ದೊರೆಗೆ ಮೂರು ಒಗಟು ಬಿಟ್ಟುಹೋಗಿದ್ದಾರೆ. ಬಿಡಿಸಿದವರು ಕೇಳಿದ್ದನ್ನು ದೊರೆ ಕೊಡುತ್ತಾರೆ. ತಪ್ಪು ಹೇಳಿದವರಿಗೆ ಸೆರೆಮನೆ!"

ಸೆರೆಮನೆ ಅಂದರೆ ಸಾವೇ. ಮಾರಿಬೇನೆ ಅಲ್ಲಿ ಹೊಕ್ಕು ತಿಂಗಳಾಗಿತ್ತು. ಬೇನೆಗೆ ಹೆದರಿ ದೊರೆ ನ್ಯಾಯದ ಚಾವಡಿಗೇ ಬೀಗ ಹಾಕಿಸಿದ್ದ. ಒಳಗಿದ್ದವರ ವಿಚಾರಣೆ ಅಲ್ಲಿಗೇ ನಿಂತಿತ್ತು. ಬುಟ್ಟಿ ಹೆಣೆಯುವ ಹಂಪನ ಅಣ್ಣ ಜುಂಜನೂ ಒಳಗಿದ್ದ. ಪಕ್ಕದ ಮನೆಯವಳಿಗೆ ಹೆರಿಗೆ ನೋವು ಬಂತೆಂದು ಸೂಲಗಿತ್ತಿಯನ್ನು ಕರೆಯಲು ಬೇನೆಗೆಂದು ಮುಚ್ಚಿಸಿದ್ದ ಊರಬಾಗಿಲು ದಾಟಿದ್ದ, ಅಷ್ಟೇ ಆ ಪುಣ್ಯಾತ್ಮ ಮಾಡಿದ್ದು.

ಮರುದಿನ ಬೆಳಿಗ್ಗೆ ಹಂಪ ಎಂದಿನಂತೆ ಅಂಬಲಿ ಗಡಿಗೆಯನ್ನು ಸೆರೆಮನೆಯ ಕಿಂಡಿಯಲ್ಲಿಟ್ಟ. ಗುರುತಿಗೆ ಅದರ ಕೊರಳಿಗೆ ಬಿದಿರ ಸೀಳು ಕಟ್ಟಿದ್ದ. ಅಣ್ಣನನ್ನು ಬಿಡಿಸಿಯೇ ತೀರಬೇಕೆಂದು ನೇರ ಅರಮನೆಗೆ ನಡೆದ.

ಉತ್ತರದ ಓಲೆ ಹಿಡಿದ ಮಂತ್ರಿ ಮೊದಲನೆಯದನ್ನು ಕೇಳಿದ: "ಬೇನೆಯನ್ನು ಗೋಡೆಯೊಳಗೆ ಕೂಡಿಹಾಕಿದೆವು. ಅದನ್ನು ದಿನಾ ಹೊರಗೆ ಕರೆತರುವವನು ಯಾರು?"

"ಗಾಳಿ," ಅಂದರು ಆಸ್ಥಾನ ಪಂಡಿತರು. ಅಲ್ಲ. ಭಟರು ಅವರ ರಟ್ಟೆ ಹಿಡಿದು ಸೆರೆಮನೆಗೆ ಎಳೆದೊಯ್ದರು. "ಇಲಿ," ಅಂದ ಜವಳಿ ಶೆಟ್ಟಿ. ಅವನಿಗೂ ಅದೇ ಗತಿ. ಹಂಪ ಮುಂದೆ ಬಂದ.

"ಕಾವಲುಗಾರ, ಬುದ್ಧಿ. ಒಳಗೆ ಕೈದಿಯನ್ನು ಮುಟ್ಟುತ್ತಾನೆ, ಸಂಜೆ ಮನೆಗೆ ಹೋಗಿ ಮಕ್ಕಳ ಜೊತೆ ಉಣ್ಣುತ್ತಾನೆ. ಕಿಂಡಿ ಕಾಯುವವನ ಮಗು ಮೊನ್ನೆ ತೀರಿಕೊಂಡಿತು. ಒಳಗಿನವರು ಸತ್ತರೆ ಹೊರಗಿನವರೂ ಉಳಿಯಲ್ಲ."

ಮಂತ್ರಿ ಹೌದೆಂದ. "ತೀರ್ಪನ್ನೇ ಹೇಳದೆ ಮರಣದಂಡನೆ ಕೊಡುವುದು ಯಾವುದು?"

ಹಂಪ ದೊರೆಯ ಮುಖ ನೋಡಲಿಲ್ಲ. "ತಮ್ಮ ಚಾವಡಿಯ ಬೀಗ. ಯಾರ ತಪ್ಪು, ಯಾರದಲ್ಲ ಅಂತ ಕೇಳದೆ ಎಲ್ಲರನ್ನೂ ಸಾಯಿಸುತ್ತಿದೆ."

ಮಂತ್ರಿ ಮೆಲ್ಲಗೆ ಹೌದೆಂದ. "ಬರಿದಾದರೆ ನೆಮ್ಮದಿ, ತುಂಬಿದ್ದರೆ ಗೋಳು. ಏನದು?"

"ಸೆರೆಮನೆ ಕಿಂಡಿಯ ಗಡಿಗೆ. ಬರಿದಾಗಿ ಬಂದರೆ ನಮ್ಮವರು ಬದುಕಿದ್ದಾರೆ. ಇಟ್ಟ ಹಾಗೇ ಇದ್ದರೆ..."

ಮೂರೂ ಸರಿಯಾಗಿದ್ದವು. ದೊರೆ ತಲೆ ತಗ್ಗಿಸಿ, "ಏನು ಬೇಕು ಕೇಳಪ್ಪಾ," ಅಂದ.

"ಚಾವಡಿ ತೆಗೆಸಿ, ಬುದ್ಧಿ. ಸೆರೆಮನೆ ಅಂಗಳದಲ್ಲಿ ದೂರದೂರ ಕೂತಾದರೂ ಸರಿ, ಇವತ್ತೇ ಎಲ್ಲರ ಮಾತು ಕೇಳಿ. ಮೊದಲು ನಮ್ಮಣ್ಣನದು."

ಮಧ್ಯಾಹ್ನವೇ ದೊರೆ ಅಂಗಳದ ಬೇವಿನ ಕೆಳಗೆ ಕೂತ. ಮಂತ್ರಿ ಊರಬಾಗಿಲು ಮುಚ್ಚಿಸಿದ ಆಜ್ಞೆಯನ್ನು ಓದಿದ. ಸೂಲಗಿತ್ತಿಯರಿಗೂ ಅವರನ್ನು ಕರೆತರುವವರಿಗೂ ತಡೆಯಿಲ್ಲ ಎಂದು ದೊರೆಯ ಮುದ್ರೆಯಡಿಯಲ್ಲೇ ಬರೆದಿತ್ತು. ಅದನ್ನು ಇಷ್ಟು ದಿನ ಒಬ್ಬನೂ ಬಿಚ್ಚಿ ನೋಡಿರಲಿಲ್ಲ.

"ಜುಂಜನ ತಪ್ಪಿಲ್ಲ. ಬಿಡಿ," ಅಂದ ದೊರೆ.

ಮೂರು ಸಲ ಹೆಸರು ಕೂಗಿದರು. ಯಾರೂ ಬರಲಿಲ್ಲ. ಹಂಪ ಕಿಂಡಿಯತ್ತ ತಿರುಗಿದ. ಉಳಿದ ಗಡಿಗೆಗಳೆಲ್ಲ ಬರಿದಾಗಿದ್ದವು. ಬಿದಿರ ಸೀಳು ಕಟ್ಟಿದ್ದರಲ್ಲಿ ಅಂಬಲಿ ಕೆನೆಗಟ್ಟಿ ನಿಂತಿತ್ತು. ಅವನು ಅಲ್ಲೇ ಕುಸಿದು ಕೂತು ಅತ್ತ.

ಸಂಜೆಯೊಳಗೆ ಮೂವತ್ತೊಂದು ಜನ ಹೊರಬಂದರು, ಪಂಡಿತರೂ ಶೆಟ್ಟಿಯೂ ಸೇರಿ. ಕಡೆಗೆ ಬಂದವಳು ಒಬ್ಬ ಮುದುಕಿ. ಅವಳಿಗೆ ಅಂಬಲಿ ತರುವವರೇ ಇರಲಿಲ್ಲ. ಹಂಪ ಗಡಿಗೆಯನ್ನು ಅವಳ ಕೈಗಿತ್ತ. ತಳ ಕಾಣುವವರೆಗೂ ಅವಳು ಕುಡಿದಳು.

ಹಂಪ ಬರಿ ಗಡಿಗೆ ಹಿಡಿದು ಮನೆಗೆ ನಡೆದ.